ಮನೆಮಂದಿಯೆಲ್ಲ ಬಳಸುವ ಒಂದೇ ಖಾತೆಯಿಂದ ನಿಮ್ಮ ಫೋನನ್ನು ಬೇರ್ಪಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮನೆಯ ಇಬ್ಬರು ಮೂವರು ಒಂದೇ ಆ್ಯಪಲ್ ಅಥವಾ ಗೂಗಲ್ ಖಾತೆಯನ್ನು ತಂತಮ್ಮ ಫೋನುಗಳಲ್ಲಿ ಹಾಕಿಕೊಂಡಿದ್ದು, ಈಗ ಒಬ್ಬರು ಪ್ರತ್ಯೇಕ ಖಾತೆಗೆ ಹೋಗಬೇಕಾದಾಗ ಏನನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಈ ಕೆಲಸದಲ್ಲಿ ಎಡವುವವರು ಬಹುತೇಕ ಒಂದೇ ಜಾಗದಲ್ಲಿ ಎಡವುತ್ತಾರೆ. ಹಳೆಯ ಖಾತೆಯೊಳಗೆ ಇನ್ನೂ ಇರುವಾಗಲೇ, ತಮ್ಮದಲ್ಲದ ಫೋಟೊಗಳನ್ನೂ ಫೋನ್ ನಂಬರುಗಳನ್ನೂ ಅಳಿಸಲು ತೊಡಗುತ್ತಾರೆ. ಖಾತೆ ಸಿಂಕ್ ಆಗುತ್ತಿರುವವರೆಗೆ, ಅಂದರೆ ಎಲ್ಲ ಫೋನುಗಳಲ್ಲೂ ಒಂದೇ ಮಾಹಿತಿಯನ್ನು ತಾನಾಗಿ ಇಡುತ್ತಿರುವವರೆಗೆ, ಒಂದು ಫೋನಿನಲ್ಲಿ ಅಳಿಸಿದ್ದು ಎಲ್ಲರ ಫೋನಿನಿಂದಲೂ ಹೋಗುತ್ತದೆ. ಹಾಗಾಗಿ ಮೊದಲು ಪ್ರತಿ ತೆಗೆದುಕೊಳ್ಳಬೇಕು, ಆ ಪ್ರತಿಯನ್ನು ಪರೀಕ್ಷಿಸಬೇಕು, ಬಳಿಕ ಹಳೆಯ ಖಾತೆಯಿಂದ ಹೊರಬರಬೇಕು. ಅಳಿಸುವ ಕೆಲಸ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪದಿದ್ದರೆ ಉಳಿದ ಯಾವ ತಪ್ಪನ್ನಾದರೂ ಸರಿಪಡಿಸಿಕೊಳ್ಳಬಹುದು.

ಈಗಾಗಲೇ ಅಳಿಸಿಬಿಟ್ಟಿದ್ದರೆ ಮುಂದಿನ ಯಾವ ಹಂತಕ್ಕೂ ಹೋಗಬೇಡಿ, ಮೊದಲು ಅದನ್ನು ಮರಳಿ ಪಡೆಯಿರಿ. ಐಕ್ಲೌಡ್ (ಆ್ಯಪಲ್‌ನ ಆನ್‌ಲೈನ್ ಸಂಗ್ರಹ) ಫೋಟೊಗಳು ‘ರೀಸೆಂಟ್ಲಿ ಡಿಲೀಟೆಡ್’ ಆಲ್ಬಮ್ಮಿನಲ್ಲಿ 30 ದಿನ ಇರುತ್ತವೆ. ಬ್ಯಾಕಪ್ ಆಗಿದ್ದ ಗೂಗಲ್ ಫೋಟೊಗಳು ಟ್ರ್ಯಾಶ್‌ನಲ್ಲಿ 60 ದಿನ, ಗೂಗಲ್ ಕಾಂಟ್ಯಾಕ್ಟ್‌ಗಳು 30 ದಿನ ಉಳಿಯುತ್ತವೆ. ಐಕ್ಲೌಡ್ ಜಾಲತಾಣಕ್ಕೆ ಬ್ರೌಸರಿನಲ್ಲಿ ಲಾಗಿನ್ ಆದರೆ ಕಾಂಟ್ಯಾಕ್ಟ್ ಪಟ್ಟಿಯನ್ನು ಹಿಂದಿನ ದಿನಾಂಕದ ಸ್ಥಿತಿಗೆ ಮರಳಿಸುವ ಸೌಲಭ್ಯವೂ ಸಿಗುತ್ತದೆ.

ಕೈಯಲ್ಲಿ ಇರಬೇಕಾದವು

ಹಳೆಯ ಖಾತೆಯ ಪಾಸ್‌ವರ್ಡ್, ಪ್ರತಿ ಫೋನಿನ ಸ್ಕ್ರೀನ್ ಲಾಕ್ ಸಂಖ್ಯೆ, ಸಾಕಷ್ಟು ಖಾಲಿ ಜಾಗವಿರುವ ಕಂಪ್ಯೂಟರ್ ಅಥವಾ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ನಂಬಬಹುದಾದ ವೈಫೈ, ಚಾರ್ಜರ್, ಜೊತೆಗೆ ಒಂದು ಹಾಳೆ ಮತ್ತು ಪೆನ್ನು ಬೇಕು. ಹಾಳೆ ಯಾಕೆಂದರೆ, ಪಟ್ಟಿಯನ್ನು ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟರೆ ಅದೇ ಪಟ್ಟಿ ಖಾತೆಯ ಜೊತೆ ಮಾಯವಾಗುವ ಸಾಧ್ಯತೆಯಿದೆ.

ಬಿಡುವಿನ ಒಂದು ಹಗಲನ್ನು ಇದಕ್ಕೆ ಮೀಸಲಿಡಿ. ಹಳೆಯ ಖಾತೆಯನ್ನು ಬಳಸುವ ಎಲ್ಲರೂ ಆ ದಿನ ಸಿಗುವಂತಿರಬೇಕು, ಏಕೆಂದರೆ ಲಾಗಿನ್ ಕೋಡ್ ಯಾರ ಫೋನಿಗೆ ಬರುತ್ತದೆಂದು ಮುಂಚಿತವಾಗಿ ಹೇಳಲಾಗದು. ರಾತ್ರಿ ಮಲಗುವ ಮುಂಚೆ ಶುರು ಮಾಡಿದರೆ ಫೋಟೊಗಳ ಡೌನ್‌ಲೋಡ್ ಅರ್ಧಕ್ಕೇ ನಿಂತಿರುತ್ತದೆ, ಮುಗಿಯಿತೆಂದು ಭಾವಿಸಿ ಬೆಳಿಗ್ಗೆ ಸೈನ್ ಔಟ್ ಮಾಡಿದವರಿದ್ದಾರೆ.

ಒಂದು ಮುಖ್ಯ ಮಾತನ್ನು ಇಲ್ಲೇ ಹೇಳಬೇಕು. ಮನೆಯವರೊಬ್ಬರು ನಿಮ್ಮ ಮೇಲೆ ಕಣ್ಣಿಟ್ಟಿದ್ದಾರೆ, ಅವರಿಂದ ನಿಮಗೆ ಅಪಾಯವಿದೆ ಎಂಬ ಕಾರಣಕ್ಕೆ ಬೇರ್ಪಡುತ್ತಿದ್ದರೆ ಈ ಹಂತಗಳನ್ನು ಇದ್ದಹಾಗೆಯೇ ಅನುಸರಿಸಬೇಡಿ. ಹೊಸ ಲಾಗಿನ್, ಪಾಸ್‌ವರ್ಡ್ ಬದಲಾವಣೆ, ಸ್ಥಳ ಹಂಚಿಕೆ ನಿಂತಿರುವುದು, ಇವೆಲ್ಲ ಎದುರಿನವರಿಗೆ ತಿಳಿಯುತ್ತವೆ. ಅವರ ಕೈಗೆ ಸಿಗದ ಬೇರೆ ಸಾಧನದಿಂದ, ನಂಬಿಕಸ್ಥರೊಬ್ಬರಿಗೆ ತಿಳಿಸಿ, ಮೊದಲು ನಿಮ್ಮ ಸುರಕ್ಷತೆಯ ಏರ್ಪಾಡು ಮಾಡಿಕೊಳ್ಳಿ. ಐಒಎಸ್ 16 ಹಾಗೂ ಅದರ ನಂತರದ ಐಫೋನುಗಳಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ ಅಡಿಯಲ್ಲಿರುವ ‘ಸೇಫ್ಟಿ ಚೆಕ್’ ಇಂಥ ಸಂದರ್ಭಕ್ಕೆಂದೇ ಇದೆ.

ಹಂತ 1: ಯಾರು ಉಳಿಯಬೇಕು, ಯಾರು ಹೊರಡಬೇಕು ಎಂದು ತೀರ್ಮಾನಿಸಿ

ಖರೀದಿಸಿದ ಆ್ಯಪ್, ಸಿನಿಮಾ, ಪುಸ್ತಕಗಳು ಯಾವ ಖಾತೆಯಲ್ಲಿ ಖರೀದಿಯಾದವೋ ಆ ಖಾತೆಯಲ್ಲೇ ಉಳಿಯುತ್ತವೆ. ಮನೆಯ ಇನ್ನೊಬ್ಬರ ಹೊಸ ಖಾತೆಗೆ ಅವನ್ನು ವರ್ಗಾಯಿಸಲಾಗದು. ಹಾಗಾಗಿ ಹಣ ಪಾವತಿಸುತ್ತ ಬಂದವರು, ಅಂದರೆ ಯಾರ ಕಾರ್ಡು ಜೋಡಣೆಯಾಗಿದೆಯೋ ಅವರು, ಹಳೆಯ ಖಾತೆಯನ್ನು ಇಟ್ಟುಕೊಳ್ಳುವುದು ಸೂಕ್ತ. ಉಳಿದವರು ಹೊಸ ಖಾತೆಗೆ ಹೋಗಲಿ. ಮೂವರಿದ್ದರೆ ಒಬ್ಬರ ನಂತರ ಒಬ್ಬರು ಹೊರಡಬೇಕು. ಒಂದೇ ದಿನ ಇಬ್ಬರು ಹೊರಟರೆ ಯಾವ ಫೋಟೊ ಎಲ್ಲಿಗೆ ಹೋಯಿತೆಂದು ಪತ್ತೆ ಹಚ್ಚುವುದು ಬಹಳ ಕಷ್ಟ.

ಇದೇ ಹಂತದಲ್ಲಿ ಹಳೆಯ ಖಾತೆಯ ಭದ್ರತಾ ಪುಟ ತೆರೆದು, ಕೋಡ್ ಬರುವ ಫೋನ್ ನಂಬರ್ ಯಾರದೆಂದು ನೋಡಿ. ಅದು ಹೊರಡುವವರ ನಂಬರ್ ಆಗಿದ್ದರೆ, ಉಳಿಯುವವರ ನಂಬರನ್ನು ಈಗಲೇ ಸೇರಿಸಿ, ಅದಕ್ಕೆ ಕೋಡ್ ಬರುತ್ತದೆಂದು ಖಚಿತಪಡಿಸಿಕೊಂಡ ಮೇಲೆ ಹಳೆಯದನ್ನು ತೆಗೆಯಿರಿ. ಖಾತೆ ಮರಳಿ ಪಡೆಯಲು ಕೊಟ್ಟಿರುವ ಇಮೇಲ್ ವಿಳಾಸವನ್ನೂ ಹೀಗೆಯೇ ಪರಿಶೀಲಿಸಿ. ಹೊರಟವರು ವರ್ಷದ ಬಳಿಕ ನಂಬರ್ ಬದಲಿಸಿದಾಗ, ಉಳಿದವರು ತಮ್ಮದೇ ಖಾತೆಯ ಹೊರಗೆ ಸಿಕ್ಕಿಹಾಕಿಕೊಳ್ಳುವುದು ಇದನ್ನು ಮರೆತದ್ದರಿಂದಲೇ.

ಹಂತ 2: ಏನೇನು ಹಂಚಿಕೆಯಾಗಿದೆ ಎಂದು ಬರೆದುಕೊಳ್ಳಿ

ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿರುವ ಹೆಸರನ್ನು ಒತ್ತಿ ಐಕ್ಲೌಡ್ ಪಟ್ಟಿಯನ್ನು ತೆರೆಯಿರಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಖಾತೆಗಳ ವಿಭಾಗದಲ್ಲಿ ಸಿಂಕ್ ಪಟ್ಟಿಯನ್ನು ತೆರೆಯಿರಿ. ಆನ್ ಆಗಿರುವ ಪ್ರತಿಯೊಂದನ್ನೂ ಹಾಳೆಯಲ್ಲಿ ಬರೆದು, ಎದುರಿಗೆ ‘ನನಗೆ ಬೇಕು’ ಅಥವಾ ‘ಬೇಡ’ ಎಂದು ಗುರುತು ಹಾಕಿ. ಫೋಟೊ ಮತ್ತು ಕಾಂಟ್ಯಾಕ್ಟ್ ಎಲ್ಲರಿಗೂ ನೆನಪಿರುತ್ತವೆ. ನೋಟ್ಸ್, ಕ್ಯಾಲೆಂಡರ್, ಉಳಿಸಿದ ಪಾಸ್‌ವರ್ಡ್‌ಗಳು, ಆರೋಗ್ಯದ ಮಾಹಿತಿ, ಧ್ವನಿಮುದ್ರಣಗಳು ಮರೆತುಹೋಗುತ್ತವೆ.

ಹಂತ 3: ಹೊಸ ಖಾತೆಯನ್ನು ಬ್ರೌಸರಿನಲ್ಲಿ ತೆರೆಯಿರಿ

ಹೊಸ ಖಾತೆಯನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ, ನಿಮ್ಮದೇ ಫೋನ್ ನಂಬರ್ ಕೊಟ್ಟು ತೆರೆಯಿರಿ. ಫೋನಿನಲ್ಲಿ ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ಹುಟ್ಟಿದ ದಿನಾಂಕವನ್ನು ನಿಜವಾದದ್ದನ್ನೇ ಕೊಡಿ. ಖಾತೆ ಮರಳಿ ಪಡೆಯುವಾಗ ಅದನ್ನು ಕೇಳಬಹುದು. ಮಕ್ಕಳ ಖಾತೆಯನ್ನು ಪೋಷಕರೇ ತಮ್ಮ ಕುಟುಂಬ ಗುಂಪಿನ (ಹಂತ 9 ನೋಡಿ) ಮೂಲಕ ತೆರೆಯಬೇಕು. ಹೆಚ್ಚಿನ ದೇಶಗಳಲ್ಲಿ ಇದಕ್ಕೆ 13 ವರ್ಷದ ಗಡಿಯಿದ್ದು, ಕೆಲವೆಡೆ ಇನ್ನೂ ಹೆಚ್ಚಿದೆ.

ಐಕ್ಲೌಡ್‌ನಲ್ಲಿ 5 ಜಿಬಿ, ಗೂಗಲ್‌ನಲ್ಲಿ 15 ಜಿಬಿ ಮಾತ್ರ ಉಚಿತ. ಹಳೆಯ ಖಾತೆಯಲ್ಲಿ ನೂರು ಜಿಬಿ ಫೋಟೊ ಇದ್ದರೆ ಅವೆಲ್ಲ ಹೊಸ ಖಾತೆಯ ಉಚಿತ ಜಾಗದಲ್ಲಿ ಹಿಡಿಯುವುದಿಲ್ಲ. ಜಾಗ ಕೊಳ್ಳಬೇಕೋ, ಹಳೆಯ ಫೋಟೊಗಳನ್ನು ಹಾರ್ಡ್ ಡಿಸ್ಕ್‌ನಲ್ಲಿ ಇಡಬೇಕೋ ಎಂಬುದನ್ನು ಈಗಲೇ ತೀರ್ಮಾನಿಸಿ.

ಹಂತ 4: ಪ್ರತಿ ತೆಗೆದುಕೊಳ್ಳಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಹಿಡಿಯುವ ಹಂತ ಇದು, ಅವಸರ ಸಲ್ಲದಿರುವುದೂ ಇಲ್ಲೇ.

ಐಫೋನ್ ಇರುವವರು ಮೊದಲು ಅದನ್ನು ಕಂಪ್ಯೂಟರಿಗೆ ಜೋಡಿಸಿ ಪೂರ್ಣ ಬ್ಯಾಕಪ್ ತೆಗೆಯಬೇಕು, ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ (ಪಾಸ್‌ವರ್ಡ್ ಇಲ್ಲದೆ ತೆರೆಯದಂತೆ ಮಾಡುವ) ಆಯ್ಕೆಯನ್ನು ಆನ್ ಮಾಡಿರಬೇಕು. ಎನ್‌ಕ್ರಿಪ್ಟ್ ಆಗದ ಬ್ಯಾಕಪ್‌ನಲ್ಲಿ ಪಾಸ್‌ವರ್ಡ್‌ಗಳೂ ಆರೋಗ್ಯದ ಮಾಹಿತಿಯೂ ಸೇರುವುದಿಲ್ಲ. ಬ್ಯಾಕಪ್‌ನ ಪಾಸ್‌ವರ್ಡನ್ನು ಹಾಳೆಯಲ್ಲಿ ಬರೆದಿಡಿ. ಅದು ಮರೆತರೆ ಆ ಬ್ಯಾಕಪ್ ತೆರೆಯುವುದಿಲ್ಲ. ಇದು ಆಪತ್ಕಾಲಕ್ಕೆ ಮಾತ್ರ. ಫೋಟೊ ಮುಂತಾದವುಗಳ ಪ್ರತಿಯನ್ನು ಬೇರೆಯಾಗಿಯೇ ತೆಗೆಯಬೇಕು, ಏಕೆಂದರೆ ಐಕ್ಲೌಡ್‌ನಲ್ಲಿ ಮಾತ್ರ ಇರುವ ಫೋಟೊಗಳು ಈ ಬ್ಯಾಕಪ್‌ಗೆ ಬರುವುದಿಲ್ಲ.

ಐಕ್ಲೌಡ್ ಫೋಟೊಗಳಲ್ಲಿ ‘ಆಪ್ಟಿಮೈಜ್ ಸ್ಟೋರೇಜ್’ ಆಯ್ಕೆ ಆನ್ ಆಗಿದ್ದರೆ ಮೂಲ ಫೋಟೊ ಕ್ಲೌಡ್‌ನಲ್ಲಿದ್ದು, ಫೋನಿನಲ್ಲಿ ಅದರ ಸಣ್ಣ ರೂಪವಷ್ಟೇ ಇರಬಹುದು. ಫೋನಿನಲ್ಲಿ ಜಾಗವಿದ್ದರೆ ‘ಡೌನ್‌ಲೋಡ್ ಆ್ಯಂಡ್ ಕೀಪ್ ಒರಿಜಿನಲ್ಸ್’ ಆರಿಸಿ, ಪೂರ್ತಿ ಇಳಿಯುವವರೆಗೆ ಚಾರ್ಜರ್ ಮತ್ತು ವೈಫೈ ಬಿಡಬೇಡಿ. ಜಾಗವಿಲ್ಲದಿದ್ದರೆ ಆ್ಯಪಲ್‌ನ ಖಾಸಗಿತನದ ಪುಟದಲ್ಲಿ ಮಾಹಿತಿಯ ಪ್ರತಿಗೆ ಕೋರಿಕೆ ಸಲ್ಲಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಇದಕ್ಕೆ ಕೆಲವು ದಿನ ಹಿಡಿಯಬಹುದು. ‘ಶೇರ್ಡ್ ಆಲ್ಬಮ್’ ಮೂಲಕ ಸಾಗಿಸುವುದು ಸುಲಭವೆನಿಸಿದರೂ ಅದನ್ನು ಪ್ರತಿಯೆಂದು ನಂಬಬೇಡಿ, ಏಕೆಂದರೆ ಅದರಲ್ಲಿ ಸಾಮಾನ್ಯ ಫೋಟೊಗಳು ಉದ್ದ ಬದಿಗೆ 2048 ಪಿಕ್ಸೆಲ್‌ಗೆ ಇಳಿಯುತ್ತವೆ.

ಇಲ್ಲಿ ಒಂದೇ ಬಗೆಯಾಗಿ ಕಾಣುವ ಎರಡು ಆಯ್ಕೆಗಳಿವೆ. ಈ ಫೋನಿನಲ್ಲಿ ಮಾತ್ರ ಐಕ್ಲೌಡ್ ಫೋಟೊಗಳನ್ನು ಆಫ್ ಮಾಡುವುದು ಒಂದು. ಸ್ಟೋರೇಜ್ ನಿರ್ವಹಣೆಯ ಪುಟದಲ್ಲಿ ‘ಟರ್ನ್ ಆಫ್ ಆ್ಯಂಡ್ ಡಿಲೀಟ್’ ಒತ್ತುವುದು ಇನ್ನೊಂದು. ಎರಡನೆಯದು ಇಡೀ ಖಾತೆಯ ಫೋಟೊಗಳನ್ನು ಎಲ್ಲರ ಪಾಲಿಗೂ ಅಳಿಸುವ ಆದೇಶ. ಅದನ್ನು ರದ್ದು ಮಾಡಲು 30 ದಿನದ ಅವಕಾಶವಿದ್ದರೂ, ಗಮನಕ್ಕೆ ಬರದೆ ಆ ಅವಧಿ ಕಳೆದುಹೋಗುತ್ತದೆ. ಪರದೆಯಲ್ಲಿ ‘ಡಿಲೀಟ್’ ಎಂಬ ಪದ ಕಂಡರೆ ಕೈ ತಡೆದು, ಅದು ‘ಈ ಸಾಧನದಿಂದ’ ಎಂದು ಹೇಳುತ್ತಿದೆಯೋ ‘ಎಲ್ಲ ಸಾಧನಗಳಿಂದ’ ಎನ್ನುತ್ತಿದೆಯೋ ಎಂದು ಪೂರ್ತಿ ಓದಿ.

ಗೂಗಲ್ ಫೋಟೊಗಳಲ್ಲಿ ಇದೇ ತೊಡಕು ಬೇರೆ ರೂಪದಲ್ಲಿದೆ. ಹಿಂದೆಂದೋ ‘ಫ್ರೀ ಅಪ್ ಸ್ಪೇಸ್’ ಒತ್ತಿದ್ದರೆ ಬ್ಯಾಕಪ್ ಆದ ಫೋಟೊಗಳು ಫೋನಿನಿಂದ ಆಗಲೇ ಹೋಗಿರುತ್ತವೆ. ಅವು ಕಣ್ಣಿಗೆ ಕಾಣುತ್ತಿರುವುದು ಖಾತೆ ಇರುವುದರಿಂದ. ‘ಗೂಗಲ್ ಟೇಕ್‌ಔಟ್’ ಮೂಲಕ ಅವುಗಳನ್ನು ಜಿಪ್ ಕಡತಗಳಾಗಿ ಇಳಿಸಿಕೊಳ್ಳಬಹುದು. ಡೌನ್‌ಲೋಡ್ ಕೊಂಡಿಗೆ ಕಾಲಮಿತಿ ಇರುವುದರಿಂದ ಇಮೇಲ್ ಬಂದ ಕೂಡಲೇ ಇಳಿಸಿ. ಟೇಕ್‌ಔಟ್‌ನಲ್ಲಿ ಫೋಟೊದ ಪಕ್ಕದಲ್ಲಿ ಜೇಸನ್ ಎಂಬ ಬಗೆಯ ಸಣ್ಣ ಕಡತವೂ ಬರುತ್ತದೆ, ಗೂಗಲ್ ಫೋಟೊಗಳಲ್ಲಿ ಕಾಣುತ್ತಿದ್ದ ದಿನಾಂಕ, ವಿವರಣೆಗಳು ಅದರಲ್ಲಿರುತ್ತವೆ. ಕ್ಯಾಮೆರಾದಿಂದ ತೆಗೆದ ಫೋಟೊಗಳಲ್ಲಿ ದಿನಾಂಕ ಒಳಗೇ ಇರುವುದರಿಂದ ತೊಂದರೆಯಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರಗಳನ್ನು ಹೊಸ ಖಾತೆಗೆ ಏರಿಸಿದಾಗ ಅವು ಇಂದಿನ ದಿನಾಂಕದಲ್ಲಿ ಗುಂಪಾಗಿ ಕಾಣಬಹುದು. ಸಣ್ಣ ಕಡತಗಳನ್ನು ಕಸವೆಂದು ಎಸೆಯಬೇಡಿ. ಇಬ್ಬರೂ ಸ್ನೇಹದಿಂದಲೇ ಬೇರ್ಪಡುತ್ತಿದ್ದರೆ, ‘ಪಾರ್ಟ್‌ನರ್ ಶೇರಿಂಗ್’ ಮೂಲಕ ಹಳೆಯ ಖಾತೆಯ ಫೋಟೊಗಳನ್ನು ಹೊಸ ಖಾತೆಗೆ ಉಳಿಸಿಕೊಳ್ಳುವುದು ಇದಕ್ಕಿಂತ ಸರಳ.

ಕಾಂಟ್ಯಾಕ್ಟ್‌ಗಳನ್ನು ವಿಕಾರ್ಡ್ (ಹೆಸರು, ನಂಬರುಗಳನ್ನು ಹಿಡಿದಿಡುವ ಬಗೆ) ಕಡತವಾಗಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಐಕ್ಲೌಡ್ ನೋಟ್ಸ್ ಸೈನ್ ಔಟ್ ಆದೊಡನೆ ಫೋನಿನಿಂದ ಹೋಗುತ್ತವೆ. ನೋಟ್ಸ್ ಸೆಟ್ಟಿಂಗ್ಸ್‌ನಲ್ಲಿ ‘ಆನ್ ಮೈ ಐಫೋನ್’ ಆನ್ ಮಾಡಿ, ನಿಮಗೆ ಬೇಕಾದ ನೋಟ್‌ಗಳನ್ನು ಆ ಫೋಲ್ಡರಿಗೆ ಸರಿಸಿ. ಸರಿಸಿದ ನೋಟ್ ಉಳಿದವರ ಫೋನಿನಿಂದ ಹೋಗುತ್ತದೆ, ಆದ್ದರಿಂದ ಇಬ್ಬರಿಗೂ ಬೇಕಾದದ್ದರ ನಕಲನ್ನು ಮೊದಲೇ ಮಾಡಿಡಿ. ಐಕ್ಲೌಡ್‌ನಲ್ಲಿ ಮೆಸೇಜ್‌ಗಳು ಆನ್ ಆಗಿದ್ದರೆ ಅದನ್ನು ಆಫ್ ಮಾಡುವಾಗ ಸಂದೇಶಗಳನ್ನು ಡೌನ್‌ಲೋಡ್ ಮಾಡುವ ಆಯ್ಕೆಯನ್ನೇ ಆರಿಸಿ.

ಪಾಸ್‌ವರ್ಡ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿದಾಗ ಸಿಗುವ ಕಡತವನ್ನು ಯಾರು ಬೇಕಾದರೂ ತೆರೆದು ಓದಬಹುದು. ಹೊಸ ಖಾತೆಗೆ ಸೇರಿಸಿದ ಕೂಡಲೇ ಅದನ್ನು ಅಳಿಸಿ, ರೀಸೈಕಲ್ ಬಿನ್ನಿನಿಂದಲೂ ತೆಗೆಯಿರಿ.

ಹಂತ 5: ಫ್ಲೈಟ್ ಮೋಡ್‌ನಲ್ಲಿ ಪರೀಕ್ಷಿಸಿ

ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ. ಈಗ ಹಲವು ವರ್ಷ ಹಿಂದಿನ ಒಂದು ಫೋಟೊ ತೆರೆದು ಬೆರಳಿನಿಂದ ಹಿಗ್ಗಿಸಿ. ಮುಖಗಳು ಮಸುಕಾಗಿಯೇ ಉಳಿದರೆ, ಅಥವಾ ಮೂಲೆಯಲ್ಲಿ ಸಣ್ಣ ವೃತ್ತವೊಂದು ತುಂಬದೆ ನಿಂತಿದ್ದರೆ, ಮೂಲ ಚಿತ್ರ ಇನ್ನೂ ಫೋನಿಗೆ ಬಂದಿಲ್ಲ. ಉದ್ದನೆಯ ಒಂದು ವಿಡಿಯೊವನ್ನು ಕೊನೆಯವರೆಗೆ ಓಡಿಸಿ. ಬೇರೆ ಬೇರೆ ವರ್ಷಗಳಿಂದ ಹತ್ತಿಪ್ಪತ್ತು ಚಿತ್ರಗಳನ್ನಾದರೂ ಹೀಗೆ ನೋಡಿ. ಹಾರ್ಡ್ ಡಿಸ್ಕ್‌ಗೆ ಇಳಿಸಿದ್ದರೆ ಪ್ರತಿ ಜಿಪ್ ಕಡತವನ್ನೂ ಬಿಚ್ಚಿ ನೋಡಿ, ಅರ್ಧ ಇಳಿದ ಕಡತ ಬಿಚ್ಚುವಾಗಲೇ ದೋಷ ತೋರಿಸುತ್ತದೆ. ಕಾಂಟ್ಯಾಕ್ಟ್‌ಗಳ ಸಂಖ್ಯೆಯನ್ನು ಹಳೆಯ ಪಟ್ಟಿಯ ಸಂಖ್ಯೆಯೊಂದಿಗೆ ಹೋಲಿಸಿ.

ಈ ಪರೀಕ್ಷೆ ಮುಗಿಯದೆ ಮುಂದಿನ ಹಂತಕ್ಕೆ ಹೋಗಬಾರದು ಎಂದು ಒತ್ತಿ ಹೇಳುತ್ತೇನೆ. ಫೋಟೊ ಕಳೆದುಕೊಂಡವರಲ್ಲಿ ಎಷ್ಟೋ ಜನ ಪ್ರತಿ ತೆಗೆದುಕೊಂಡಿದ್ದರು, ಅದನ್ನು ತೆರೆದು ನೋಡಿರಲಿಲ್ಲ.

ಹಂತ 6: ಹಳೆಯ ಖಾತೆಗೆ ಅಂಟಿಕೊಂಡಿರುವ ಲಾಗಿನ್‌ಗಳನ್ನು ಬಿಡಿಸಿ

ಬ್ಯಾಂಕು, ವಿಮೆ, ಆಸ್ಪತ್ರೆ, ಮಕ್ಕಳ ಶಾಲೆ, ಖರೀದಿ ತಾಣಗಳಲ್ಲಿ ಹಳೆಯ ಖಾತೆಯ ಇಮೇಲ್ ವಿಳಾಸ ಕೊಟ್ಟಿದ್ದರೆ ಅದನ್ನು ಈಗ ಬದಲಿಸಿ. ಬದಲಾವಣೆಯನ್ನು ದೃಢಪಡಿಸುವ ಪತ್ರ ಹಳೆಯ ವಿಳಾಸಕ್ಕೇ ಬರಬಹುದಾದ್ದರಿಂದ ಅದು ಇನ್ನೂ ಕೈಯಲ್ಲಿರುವಾಗಲೇ ಈ ಕೆಲಸ ಮುಗಿಯಬೇಕು.

‘ಗೂಗಲ್ ಮೂಲಕ ಲಾಗಿನ್’, ‘ಆ್ಯಪಲ್ ಮೂಲಕ ಲಾಗಿನ್’ ಗುಂಡಿ ಒತ್ತಿ ಸೇರಿದ ಆ್ಯಪ್‌ಗಳಿಗೆ ಪ್ರತ್ಯೇಕ ಪಾಸ್‌ವರ್ಡ್ ಇರುವುದಿಲ್ಲ. ಅಂಥ ಪ್ರತಿ ಆ್ಯಪ್‌ನೊಳಗೆ ಹೋಗಿ ಹೊಸ ಇಮೇಲ್ ಮತ್ತು ಪಾಸ್‌ವರ್ಡ್ ಸೇರಿಸಿ. ಆ್ಯಪಲ್‌ನಲ್ಲಿ ಇಮೇಲ್ ಮರೆಮಾಡಿ ಸೇರಿದ್ದರೆ ಆ ಗುಪ್ತ ವಿಳಾಸ ಹಳೆಯ ಖಾತೆಯದೇ ಆಗಿರುತ್ತದೆ ಎಂಬುದು ನೆನಪಿರಲಿ. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಲಾಕ್ ಮೂಲಕ ಒಳಹೋಗುವ ಕೀಲಿ) ಬಳಸುವ ತಾಣಗಳಲ್ಲಿ ಹೊಸ ಪಾಸ್‌ಕೀ ಮಾಡಬೇಕು. ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಹಳೆಯ ಖಾತೆಗೆ ಸಿಂಕ್ ಆಗುತ್ತಿದ್ದರೆ, ಅದರಲ್ಲಿರುವ ವರ್ಗಾವಣೆಯ ಆಯ್ಕೆಯಿಂದ ಕೋಡ್‌ಗಳನ್ನು ಬೇರೆಡೆಗೆ ತೆಗೆದುಕೊಂಡು, ಒಂದೆರಡು ತಾಣಗಳಿಗೆ ಲಾಗಿನ್ ಆಗಿ ನೋಡಿ. ಬ್ಯಾಂಕಿನ ಲಾಗಿನ್ ಎಲ್ಲಕ್ಕಿಂತ ಮೊದಲು.

ಹಂತ 7: ಐಫೋನಿನಲ್ಲಿ ಖಾತೆ ಬದಲಿಸುವುದು

ಆ್ಯಪಲ್ ವಾಚ್ ಇದ್ದರೆ ಮೊದಲು ಅದನ್ನು ಅನ್‌ಪೇರ್ ಮಾಡಿ. ಬಳಿಕ ಸೆಟ್ಟಿಂಗ್ಸ್‌ನಲ್ಲಿ ಹೆಸರನ್ನು ಒತ್ತಿ, ಪುಟದ ಕೊನೆಗೆ ಇಳಿದು ‘ಸೈನ್ ಔಟ್’ ಒತ್ತಿ. ಕಳೆದ ಫೋನನ್ನು ಹುಡುಕಿಕೊಡುವ ಫೈಂಡ್ ಮೈ ಆಫ್ ಆಗಲು ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಆಮೇಲೆ ಬರುವ ಪರದೆಯಲ್ಲಿ ಯಾವುದರ ಪ್ರತಿಯನ್ನು ಈ ಫೋನಿನಲ್ಲಿ ಉಳಿಸಿಕೊಳ್ಳಬೇಕೆಂದು ಕೇಳುವಾಗ ಕಾಂಟ್ಯಾಕ್ಟ್ ಮುಂತಾದ ಪ್ರತಿಯೊಂದನ್ನೂ ಆನ್ ಮಾಡಿ. ಬೇಡವಾದದ್ದನ್ನು ಆಮೇಲೆ ತೆಗೆದರಾಯಿತು. ಇದೇ ಪರದೆಯನ್ನು ಓದದೆ ಮುಂದೆ ಹೋಗಿ ಖಾಲಿ ಕಾಂಟ್ಯಾಕ್ಟ್ ಪಟ್ಟಿ ಎದುರಿಸುವವರು ಬಹಳ. ಆ್ಯಪಲ್ ಪೇಗೆ ಸೇರಿಸಿದ ಕಾರ್ಡುಗಳು ಸೈನ್ ಔಟ್ ಆದಾಗ ಹೋಗುತ್ತವೆ, ಅವನ್ನು ಮತ್ತೆ ಸೇರಿಸಬೇಕಾಗುತ್ತದೆ.

ಸೈನ್ ಔಟ್ ಆದ ಮೇಲೆ, ಹೊಸ ಖಾತೆ ಹಾಕುವ ಮುಂಚೆ, ಸ್ವಲ್ಪ ನಿಲ್ಲಿ. ಫೋಟೊ, ಕಾಂಟ್ಯಾಕ್ಟ್, ನೋಟ್ಸ್ ತೆರೆದು ನೋಡಿ. ಫೋನು ಈಗ ಯಾವ ಖಾತೆಗೂ ಸೇರಿಲ್ಲ. ಇಲ್ಲಿ ಅಳಿಸಿದ್ದು ಬೇರೆ ಯಾರ ಫೋನನ್ನೂ ಮುಟ್ಟುವುದಿಲ್ಲ. ಬೇರೆಯವರ ಕಾಂಟ್ಯಾಕ್ಟ್, ಫೋಟೊಗಳನ್ನು ತೆಗೆದುಹಾಕಲು ಇದಕ್ಕಿಂತ ಸುರಕ್ಷಿತ ಸಮಯವಿಲ್ಲ. ಇವು ಇದ್ದಂತೆಯೇ ಹೊಸ ಖಾತೆಗೆ ಲಾಗಿನ್ ಆಗಿ ‘ಮರ್ಜ್’ ಒತ್ತಿದರೆ, ಮನೆಯವರೆಲ್ಲರ ನಂಬರುಗಳೂ ನಿಮ್ಮ ಹೊಸ ಖಾತೆಗೆ ಏರುತ್ತವೆ.

ಶುಚಿ ಮಾಡಿದ ಬಳಿಕ ಹೊಸ ಖಾತೆಗೆ ಲಾಗಿನ್ ಆಗಿ. ಐಮೆಸೇಜ್ ಮತ್ತು ಫೇಸ್‌ಟೈಮ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ನಂಬರ್ ಹಾಗೂ ಹೊಸ ಇಮೇಲ್ ಮಾತ್ರ ಇವೆಯೇ ನೋಡಿ. ಉಳಿದವರ ಫೋನಿನಲ್ಲೂ ಇದೇ ಪುಟ ತೆರೆದು, ನಿಮ್ಮ ನಂಬರಿನ ಗುರುತು ಅಲ್ಲಿದ್ದರೆ ತೆಗೆಸಿ. ಪರೀಕ್ಷೆಗೆಂದು ಹಳೆಯ ಮತ್ತು ಹೊಸ ಖಾತೆಗಳ ನಡುವೆ ಅತ್ತಿತ್ತ ಬದಲಿಸಬೇಡಿ. ಖರೀದಿಗಳಿಗೆ ಫೋನು ಒಂದು ಖಾತೆಯೊಂದಿಗೆ ಜೋಡಣೆಯಾದರೆ ಮತ್ತೊಂದಕ್ಕೆ ಜೋಡಿಸಲು 90 ದಿನ ಕಾಯಬೇಕಾಗಬಹುದು.

ಹಂತ 8: ಆಂಡ್ರಾಯ್ಡ್‌ನಲ್ಲಿ ಖಾತೆ ಬದಲಿಸುವುದು

ಆಂಡ್ರಾಯ್ಡ್ ಫೋನಿನಲ್ಲಿ ಎರಡು ಗೂಗಲ್ ಖಾತೆಗಳು ಒಟ್ಟಿಗೆ ಇರಬಹುದಾದ್ದರಿಂದ ಕ್ರಮ ತಿರುಗುತ್ತದೆ: ಮೊದಲು ಹೊಸದನ್ನು ಸೇರಿಸಿ, ಕೊನೆಗೆ ಹಳೆಯದನ್ನು ತೆಗೆಯುವುದು. ಹೊಸ ಖಾತೆ ಸೇರಿಸಿದ ಮೇಲೆ ಫೋಟೊ ಆ್ಯಪ್‌ನ ಬ್ಯಾಕಪ್ ಖಾತೆ, ಹೊಸ ಕಾಂಟ್ಯಾಕ್ಟ್ ಉಳಿಯುವ ಖಾತೆ, ಕ್ಯಾಲೆಂಡರ್, ಕ್ರೋಮ್, ಪ್ಲೇ ಸ್ಟೋರ್ ಎಲ್ಲವನ್ನೂ ಒಂದೊಂದಾಗಿ ಹೊಸದಕ್ಕೆ ಬದಲಿಸಿ. ವಿಕಾರ್ಡ್ ಕಡತದ ಕಾಂಟ್ಯಾಕ್ಟ್‌ಗಳನ್ನು ಹೊಸ ಖಾತೆಗೆ ಇಂಪೋರ್ಟ್ ಮಾಡಿ.

ವಾಟ್ಸ್ಆ್ಯಪ್ ಚಾಟ್‌ಗಳು ಫೋನಿನಲ್ಲೇ ಇರುತ್ತವೆ, ಅದರ ಬ್ಯಾಕಪ್ ಮಾತ್ರ ಹಳೆಯ ಖಾತೆಗೆ ಹೋಗುತ್ತಿರುತ್ತದೆ. ಚಾಟ್ ಬ್ಯಾಕಪ್ ಪುಟದಲ್ಲಿ ಗೂಗಲ್ ಖಾತೆಯನ್ನು ಬದಲಿಸಿ, ಕೂಡಲೇ ಒಮ್ಮೆ ಬ್ಯಾಕಪ್ ಮಾಡಿ. ಐಫೋನಿನವರೂ ಹೊಸ ಖಾತೆಗೆ ಬಂದ ದಿನವೇ ಇದನ್ನು ಮಾಡಬೇಕು.

ಹಳೆಯ ಖಾತೆಯನ್ನು ಫೋನಿನಿಂದ ತೆಗೆಯಲು ಸೆಟ್ಟಿಂಗ್ಸ್‌ನಲ್ಲಿ ‘ರಿಮೂವ್ ಅಕೌಂಟ್’ ಒತ್ತಿ. ಇದು ಫೋನಿನಿಂದ ಮಾತ್ರ ತೆಗೆಯುತ್ತದೆ, ಖಾತೆ ಹಾಗೆಯೇ ಉಳಿಯುತ್ತದೆ. ಗೂಗಲ್ ಖಾತೆಯ ಜಾಲಪುಟದಲ್ಲಿರುವ ‘ಡಿಲೀಟ್ ಅಕೌಂಟ್’ ಖಾತೆಯನ್ನೇ ಅಳಿಸುತ್ತದೆ, ಅದರ ಹತ್ತಿರ ಹೋಗಬೇಡಿ.

ಹಂತ 9: ಆ್ಯಪ್‌ಗಳು, ಚಂದಾಗಳು ಮತ್ತು ಕುಟುಂಬ ಗುಂಪು

ಈಗ ಬೇರೆ ಬೇರೆ ಖಾತೆಗಳಿರುವವರು ಒಂದು ಕುಟುಂಬ ಗುಂಪಿಗೆ ಸೇರಬಹುದು. ಆ್ಯಪಲ್‌ನಲ್ಲೂ ಗೂಗಲ್‌ನಲ್ಲೂ ಗುಂಪಿನಲ್ಲಿ ಒಟ್ಟು 6 ಜನರಿಗೆ ಅವಕಾಶವಿದೆ. ಹಂಚಬಹುದಾದ ಖರೀದಿಗಳೂ ಕ್ಲೌಡ್ ಜಾಗವೂ ಎಲ್ಲರಿಗೂ ಸಿಗುತ್ತವೆ, ಖಾಸಗಿ ಮಾಹಿತಿ ಅವರವರಲ್ಲೇ ಉಳಿಯುತ್ತದೆ. ಗುಂಪು ಬದಲಿಸಲು ವರ್ಷಕ್ಕೊಮ್ಮೆ ಮಾತ್ರ ಅವಕಾಶವಿರುವುದರಿಂದ ಯೋಚಿಸಿ ಸೇರಿ.

ಹಳೆಯ ಖಾತೆಯಲ್ಲಿ ಕೊಂಡ ಆ್ಯಪ್ ಫೋನಿನಲ್ಲಿ ಉಳಿದಿದ್ದರೂ ಅಪ್‌ಡೇಟ್ ಮಾಡುವಾಗ ಹಳೆಯ ಪಾಸ್‌ವರ್ಡ್ ಕೇಳಬಹುದು. ಅದನ್ನು ಅಳಿಸಿ ಹೊಸ ಖಾತೆಯಿಂದ ಮತ್ತೆ ಹಾಕಿಕೊಳ್ಳುವುದೇ ಪರಿಹಾರ, ಆದರೆ ಆ್ಯಪ್ ಅಳಿಸಿದಾಗ ಅದರೊಳಗೆ ಮಾತ್ರ ಇರುವ ಮಾಹಿತಿಯೂ ಹೋಗುತ್ತದೆ. ಟಿಪ್ಪಣಿ, ಲೆಕ್ಕ, ಡೈರಿ ಬರೆಯುವ ಆ್ಯಪ್‌ಗಳಲ್ಲಿ ಮೊದಲು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಚಂದಾಗಳನ್ನು ಹಳೆಯ ಖಾತೆಯಲ್ಲಿ ರದ್ದು ಮಾಡಿ, ಪಾವತಿಸಿದ ಅವಧಿ ಮುಗಿದ ಬಳಿಕ ಹೊಸದರಲ್ಲಿ ಪಡೆಯಿರಿ.

ಹಂತ 10: ಹಳೆಯ ಖಾತೆಯನ್ನು ಭದ್ರಪಡಿಸಿ

ಉಳಿದವರು ಹಳೆಯ ಖಾತೆಯ ಸಾಧನಗಳ ಪಟ್ಟಿ ತೆರೆದು ಹೊರಟವರ ಫೋನ್, ಟ್ಯಾಬ್, ಕಂಪ್ಯೂಟರ್, ಟಿವಿಗಳನ್ನು ತೆಗೆಯಬೇಕು. ಟಿವಿ ಮತ್ತು ಹಳೆಯ ಟ್ಯಾಬ್ ಸಾಮಾನ್ಯವಾಗಿ ಮರೆತುಹೋಗುತ್ತವೆ. ಬಳಿಕ ಪಾಸ್‌ವರ್ಡ್ ಬದಲಿಸಿ. ಹೊರಟವರು ತಮ್ಮ ಫೋನನ್ನು ಮುಂದೆ ಮಾರಬೇಕಾದಾಗ ಹಳೆಯ ಖಾತೆಯ ಲಾಕ್ ಉಳಿದಿರುವುದು ಗೊತ್ತಾದರೆ ಆ ಖಾತೆಯವರನ್ನೇ ಹುಡುಕಬೇಕಾಗುತ್ತದೆ, ಆದ್ದರಿಂದ ಫೈಂಡ್ ಮೈ ಪಟ್ಟಿಯನ್ನು ಇಬ್ಬರೂ ಕೂತು ನೋಡುವುದು ಒಳ್ಳೆಯದು.

ಮುಂದಿನ ಕೆಲವು ವಾರ ಗಮನಿಸಬೇಕಾದ ಲಕ್ಷಣಗಳು

ಉಳಿದವರ ಹೊಸ ಫೋಟೊ ನಿಮ್ಮ ಫೋನಿನಲ್ಲಿ ಕಂಡರೆ ಯಾವುದೋ ಒಂದು ಆ್ಯಪ್ ಇನ್ನೂ ಹಳೆಯ ಖಾತೆಯಲ್ಲಿದೆ. ನಿಮಗೆ ಬಂದ ಕರೆ ಅವರ ಟ್ಯಾಬ್‌ನಲ್ಲಿ ರಿಂಗಾದರೆ ಆ ಸಾಧನದ ಫೇಸ್‌ಟೈಮ್ ಮತ್ತು ಕರೆ ಹಂಚಿಕೆಯ ಸೆಟ್ಟಿಂಗ್ಸ್ ನೋಡಿ. ಕಾಂಟ್ಯಾಕ್ಟ್‌ಗಳು ಎರಡೆರಡು ಬಾರಿ ಕಾಣುತ್ತಿದ್ದರೆ ಒಮ್ಮೆ ಮರ್ಜ್, ಇನ್ನೊಮ್ಮೆ ಇಂಪೋರ್ಟ್ ಆಗಿದೆ. ನಕಲುಗಳನ್ನು ಜೋಡಿಸುವ ಆಯ್ಕೆ ಕಾಂಟ್ಯಾಕ್ಟ್ ಆ್ಯಪ್‌ನಲ್ಲೇ ಇದೆ. ಹಳೆಯ ಖಾತೆಯ ಪಾಸ್‌ವರ್ಡನ್ನು ಫೋನು ಪದೇ ಪದೇ ಕೇಳುತ್ತಿದ್ದರೆ ಅದನ್ನು ಕೊಡಬೇಡಿ, ಯಾವ ಆ್ಯಪ್ ಕೇಳುತ್ತಿದೆ ಎಂದು ಪತ್ತೆ ಮಾಡಿ, ಏಕೆಂದರೆ ಒಮ್ಮೆ ಕೊಟ್ಟರೆ ಫೋನು ಮತ್ತೆ ಹಳೆಯ ಖಾತೆಗೆ ಜೋಡಣೆಯಾಗಬಹುದು. ಹಾರ್ಡ್ ಡಿಸ್ಕ್‌ನಲ್ಲಿರುವ ಪ್ರತಿಯನ್ನು ಕನಿಷ್ಠ ಮೂರು ತಿಂಗಳು ಮುಟ್ಟದೆ ಇಡಿ; ಅಷ್ಟರೊಳಗೆ ಹಳೆಯ ಖಾತೆಯಿಂದ ಇನ್ನೇನಾದರೂ ಬೇಕೆಂದು ನೆನಪಾದರೆ, ಉಳಿದವರು ತಮ್ಮ ಕಡೆಯಿಂದ ಕಳುಹಿಸಲಿ, ನೀವು ಮತ್ತೆ ಅದಕ್ಕೆ ಲಾಗಿನ್ ಆಗಬೇಡಿ.